ಗಾಲ್ಫ್ ಮತ್ತು ಆರೋಗ್ಯ

ಗಾಲ್ಫ್ ಮತ್ತು ಆರೋಗ್ಯ ಎಂಬ ವಿಷಯವು ಗಾಲ್ಫ್ ಆಟದಿಂದ ದೇಹ ಮತ್ತು ಮನಸ್ಸಿನ ಮೇಲೆ ಆಗುವ ಪರಿಣಾಮಗಳನ್ನೂ, ಎಲ್ಲ ವಯಸ್ಸಿನವರ ದೈಹಿಕ ಕ್ಷಮತೆಗಾಗಿ ಆ ಆಟವನ್ನು ಬಳಸಿಕೊಳ್ಳುವ ಕ್ರಮವನ್ನೂ ಒಳಗೊಳ್ಳುತ್ತದೆ. ಈ ಆಟದ ಆರೋಗ್ಯಲಾಭದ ಹೆಚ್ಚಿನ ಪಾಲು ದೊರೆಯುವುದು ಚೆಂಡನ್ನು ಹೊಡೆಯುವುದರಿಂದಲ್ಲ, ಹೊಡೆದ ಚೆಂಡಿನವರೆಗೆ ನಡೆದು ಹೋಗುವುದರಿಂದ. ಕರ್ನಾಟಕದಲ್ಲಿ ಗಾಲ್ಫ್ 19ನೆಯ ಶತಮಾನದಿಂದಲೂ ಇದೆಯಾದರೂ ಅದು ಬಹುಮಟ್ಟಿಗೆ ನಗರಗಳ ಮತ್ತು ಕಾಫಿ ಸೀಮೆಯ ಕ್ಲಬ್‌ಗಳಿಗೆ ಸೀಮಿತವಾಗಿದೆ. ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರದಂತಹ ಕಾಡು-ತೋಟಗಳ ತಾಲ್ಲೂಕುಗಳಿಗೆ ಪೂರ್ಣ ಪ್ರಮಾಣದ ಮೈದಾನಕ್ಕಿಂತ ಆಟದ ಸಣ್ಣ ರೂಪಗಳೇ ಹೆಚ್ಚು ಹೊಂದುತ್ತವೆ.

ಆಟದ ಸ್ವರೂಪ ಮತ್ತು ದೈಹಿಕ ಶ್ರಮ

ಗಾಲ್ಫ್‌ನಲ್ಲಿ ಆಟಗಾರನು ಸಣ್ಣ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ, ಆದಷ್ಟು ಕಡಿಮೆ ಹೊಡೆತಗಳಲ್ಲಿ ದೂರದ ಕುಳಿಯೊಳಗೆ ಬೀಳಿಸಬೇಕು. ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ. ಕುಳಿಯ ವ್ಯಾಸ 108 ಮಿಲಿಮೀಟರ್. ಒಬ್ಬ ಆಟಗಾರನು ಹೆಚ್ಚೆಂದರೆ 14 ಕೋಲುಗಳನ್ನು ಬಳಸಬಹುದು. ಪೂರ್ಣ ಮೈದಾನದಲ್ಲಿ 18 ಕುಳಿಗಳಿದ್ದು, ಅಷ್ಟನ್ನೂ ಆಡಿ ಮುಗಿಸಲು ಸುಮಾರು ನಾಲ್ಕು ಗಂಟೆ ಬೇಕಾಗುತ್ತದೆ. ಅಷ್ಟರಲ್ಲಿ ಆಟಗಾರನು ಸಾಮಾನ್ಯವಾಗಿ 6ರಿಂದ 10 ಕಿಲೋಮೀಟರ್ ನಡೆದಿರುತ್ತಾನೆ.

ದೈಹಿಕ ಶ್ರಮವನ್ನು ಮೆಟ್ ಎಂಬ ಮಾನದಿಂದ ಅಳೆಯಲಾಗುತ್ತದೆ. ಸುಮ್ಮನೆ ಕುಳಿತಾಗಿನ ಶಕ್ತಿವ್ಯಯ 1 ಮೆಟ್. 3ರಿಂದ 6ರೊಳಗಿನ ಮೆಟ್ ಮಧ್ಯಮ ಶ್ರಮ. ಕೋಲುಗಳ ಚೀಲವನ್ನು ಹೊತ್ತು ನಡೆಯುತ್ತ ಆಡುವ ಗಾಲ್ಫ್ ಸುಮಾರು 4.3 ಮೆಟ್‌ನಷ್ಟಿದ್ದರೆ, ಬಗ್ಗಿ ಎಂಬ ಸಣ್ಣ ವಾಹನದಲ್ಲಿ ಕುಳಿತು ಸಾಗುತ್ತ ಆಡುವ ಗಾಲ್ಫ್ ಸುಮಾರು 3.5 ಮೆಟ್‌ಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಗತ್ಯ. ವಾರಕ್ಕೆ ಎರಡು ಬಾರಿ ಒಂಬತ್ತು ಕುಳಿಗಳನ್ನು ನಡೆದು ಆಡುವವರು ಈ ಪ್ರಮಾಣದ ಬಹುಭಾಗವನ್ನು ಪೂರೈಸಬಲ್ಲರು.

ಕೋಲು ಬೀಸುವಾಗ ಸೊಂಟ, ಬೆನ್ನು, ಭುಜ ಮತ್ತು ಮುಂಗೈಯ ಸ್ನಾಯುಗಳು ಒಟ್ಟಾಗಿ ಕೆಲಸ ಮಾಡುತ್ತವೆ. ಏರುತಗ್ಗಿನ ಹುಲ್ಲುನೆಲದ ಮೇಲೆ ನಿಂತು ಗುರಿಯಿಡುವುದರಿಂದ ದೇಹದ ಸಮತೋಲನಕ್ಕೂ ಅಭ್ಯಾಸ ಸಿಗುತ್ತದೆ.

ಅಧ್ಯಯನಗಳು

ಫಿನ್‌ಲೆಂಡಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 48ರಿಂದ 64 ವರ್ಷ ವಯಸ್ಸಿನ 55 ಪುರುಷರು 20 ವಾರಗಳ ಕಾಲ ವಾರಕ್ಕೆ ಎರಡು ಮೂರು ಬಾರಿ ನಡೆದು ಗಾಲ್ಫ್ ಆಡಿದರು. ಆಡದಿದ್ದವರಿಗೆ ಹೋಲಿಸಿದಾಗ ಅವರ ತೂಕ ಮತ್ತು ಸೊಂಟದ ಸುತ್ತಳತೆ ಕಡಿಮೆಯಾದವು; ಒಳ್ಳೆಯ ಕೊಲೆಸ್ಟರಾಲ್ ಎನಿಸಿದ ಎಚ್‌ಡಿಎಲ್ ಮಟ್ಟವೂ ಸುಧಾರಿಸಿತು.

ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು 2008ರಲ್ಲಿ ಸುಮಾರು 3 ಲಕ್ಷ ಗಾಲ್ಫ್ ಆಟಗಾರರ ದಾಖಲೆಗಳನ್ನು ಪರಿಶೀಲಿಸಿ, ಸಮಾನ ವಯಸ್ಸು, ಲಿಂಗ ಮತ್ತು ಆರ್ಥಿಕ ಸ್ಥಿತಿಯ ಇತರರಿಗಿಂತ ಅವರ ಮರಣ ಪ್ರಮಾಣ ಶೇ. 40ರಷ್ಟು ಕಡಿಮೆಯೆಂದು ಕಂಡುಕೊಂಡರು. ಇದು ಸುಮಾರು ಐದು ವರ್ಷಗಳ ಹೆಚ್ಚಿನ ಆಯುಷ್ಯಕ್ಕೆ ಸಮ. ಆದರೆ ಇದು ವೀಕ್ಷಣಾತ್ಮಕ ಅಧ್ಯಯನ. ಆರೋಗ್ಯವಂತರೇ ಹೆಚ್ಚಾಗಿ ಆಡುವ ಸಾಧ್ಯತೆ ಇರುವುದರಿಂದ, ಗಾಲ್ಫ್ ಒಂದೇ ಆಯುಷ್ಯವನ್ನು ಹೆಚ್ಚಿಸಿತು ಎಂದು ಇದರಿಂದ ತೀರ್ಮಾನಿಸಲಾಗದು. ಗಾಲ್ಫ್ ಮತ್ತು ಆರೋಗ್ಯದ ಕುರಿತು ತಜ್ಞರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆಯು 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು.

ವಯೋಮಾನಕ್ಕೆ ತಕ್ಕ ಆಟ

ಮಕ್ಕಳಿಗೆ ಹಗುರವಾದ, ಉದ್ದ ಕಡಿಮೆಯಿರುವ ಕೋಲುಗಳನ್ನೂ ಮೆದುವಾದ ಚೆಂಡುಗಳನ್ನೂ ಕೊಡಲಾಗುತ್ತದೆ. ಹಿರಿಯರು ಕುಳಿಗೆ ಹತ್ತಿರದ ಸ್ಥಾನದಿಂದ ಆಟ ಆರಂಭಿಸಬಹುದು. ಓಟ, ಜಿಗಿತ ಮತ್ತು ಎದುರಾಳಿಯೊಡನೆ ಮೈ ತಾಕುವ ಸಂದರ್ಭ ಇಲ್ಲದಿರುವುದರಿಂದ ಮಂಡಿಯ ಶಕ್ತಿ ಕುಂದಿದವರೂ ವೈದ್ಯರ ಸಲಹೆಯಂತೆ ಆಡಲು ಸಾಧ್ಯ.

ಬೇರೆ ಬೇರೆ ಸಾಮರ್ಥ್ಯದವರು ಒಟ್ಟಿಗೆ ಆಡಲು ಹ್ಯಾಂಡಿಕ್ಯಾಪ್ ಪದ್ಧತಿ ನೆರವಾಗುತ್ತದೆ. ಉದಾಹರಣೆಗೆ, 24 ಹ್ಯಾಂಡಿಕ್ಯಾಪ್ ಇರುವ ಅಜ್ಜ 95 ಹೊಡೆತಗಳಲ್ಲಿ ಆಟ ಮುಗಿಸಿದರೆ ಅವರ ನಿವ್ವಳ ಅಂಕ 71. 8 ಹ್ಯಾಂಡಿಕ್ಯಾಪ್ ಇರುವ ಮೊಮ್ಮಗಳು 82 ಹೊಡೆತಗಳಲ್ಲಿ ಮುಗಿಸಿದರೆ ಅವಳ ನಿವ್ವಳ ಅಂಕ 74. ಕಡಿಮೆ ಅಂಕದವರು ಗೆಲ್ಲುವುದರಿಂದ ಇಲ್ಲಿ ಗೆಲುವು ಅಜ್ಜನದು. 2020ರಿಂದ ಇದಕ್ಕಾಗಿ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಜಾರಿಯಲ್ಲಿದೆ.

ಅಪಾಯಗಳು

ಕೆಳಬೆನ್ನಿನ ನೋವು ಗಾಲ್ಫ್ ಆಟಗಾರರಲ್ಲಿ ಸಾಮಾನ್ಯ. ಮೊಣಕೈ ಮತ್ತು ಮಣಿಕಟ್ಟಿನ ನೋವೂ ಕಾಣಿಸಿಕೊಳ್ಳುತ್ತದೆ. ಆಟಕ್ಕೆ ಮೊದಲು ಮೈ ಸಡಿಲಿಸಿಕೊಳ್ಳುವುದು ಮತ್ತು ಬೀಸುವ ಕ್ರಮವನ್ನು ಸರಿಯಾಗಿ ಕಲಿಯುವುದು ಇವನ್ನು ತಗ್ಗಿಸುತ್ತವೆ. ಹೆಚ್ಚು ಹೊತ್ತು ಬಿಸಿಲಿನಲ್ಲಿ ಇರಬೇಕಾದುದರಿಂದ ಟೋಪಿ ಮತ್ತು ಕುಡಿಯುವ ನೀರು ಅಗತ್ಯ. ಗುಡುಗು ಕೇಳಿದ ಕೂಡಲೇ ಆಟ ನಿಲ್ಲಿಸಿ, ಮರದಡಿ ನಿಲ್ಲದೆ, ಕಟ್ಟಡದೊಳಗೆ ಸೇರಬೇಕು.

ಕರ್ನಾಟಕದಲ್ಲಿ ಗಾಲ್ಫ್

ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಆರಂಭವಾಯಿತು. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಕುದುರೆ ಪಂದ್ಯದ ಮೈದಾನದ ಆವರಣದಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಕೋಲಾರದ ಚಿನ್ನದ ಗಣಿ ಪ್ರದೇಶ, ಮಡಿಕೇರಿ ಮತ್ತು ಚಿಕ್ಕಮಗಳೂರಿನಲ್ಲಿಯೂ ಮೈದಾನಗಳಿವೆ. 1973ರಲ್ಲಿ ಸ್ಥಾಪನೆಯಾದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನವು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಬಳಿ ಇದೆ.

1998ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅದಿತಿ ಅಶೋಕ್ ಐದನೆಯ ವಯಸ್ಸಿನಲ್ಲಿ ಈ ಆಟವನ್ನು ಆರಂಭಿಸಿದರು. ಅವರು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ರಿಯೊದಲ್ಲಿ ಅವರ ತಂದೆಯೂ ಟೋಕಿಯೊದಲ್ಲಿ ತಾಯಿಯೂ ಕ್ಯಾಡಿಯಾಗಿ ಜೊತೆಯಲ್ಲಿ ನಡೆದಿದ್ದರು.

ಆಟಗಾರನ ಚೀಲ ಹೊರುವ ಕ್ಯಾಡಿಯು ಅಷ್ಟೇ ದೂರವನ್ನು ಭಾರ ಹೊತ್ತು ಕ್ರಮಿಸುತ್ತಾನೆ. ಆದರೆ ಆಟದ ಅವಕಾಶ ಅವನಿಗೆ ಸುಲಭವಾಗಿ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿ ಗೆದ್ದುದು ಇದಕ್ಕೆ ಅಪವಾದ. ಕ್ಲಬ್ ಸದಸ್ಯತ್ವದ ಶುಲ್ಕ ಮತ್ತು ಸಲಕರಣೆಗಳ ಬೆಲೆ ಈ ಆಟವನ್ನು ಸಾರ್ವಜನಿಕ ಆರೋಗ್ಯದ ಸಾಧನವಾಗಿಸಲು ಇರುವ ಮುಖ್ಯ ಅಡ್ಡಿಗಳು.

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರದ ಸನ್ನಿವೇಶ

ಉತ್ತರ ಕನ್ನಡದ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಶುಲ್ಕಕ್ಕಿಂತ ಮೊದಲು ಎದುರಾಗುವುದು ನೆಲದ ಪ್ರಶ್ನೆ. 18 ಕುಳಿಗಳ ಮೈದಾನಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಹೆಚ್ಚು ಬಯಲು ಬೇಕು. ಜಿಲ್ಲೆಯ ಹೆಚ್ಚಿನ ಭಾಗ ಅರಣ್ಯವಾಗಿದ್ದು, ಕಣಿವೆಗಳಲ್ಲಿ ಅಡಿಕೆ ತೋಟಗಳೂ ಗದ್ದೆಗಳೂ ಹಬ್ಬಿವೆ. ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಹುಲ್ಲುಹಾಸಿಗೆ ಬಳಸುವ ಗೊಬ್ಬರ ಮತ್ತು ಕಳೆನಾಶಕಗಳು ಮಳೆನೀರಿನೊಡನೆ ಹಳ್ಳಗಳನ್ನು ಸೇರುವ ಸಂಭವವೂ ಇದೆ. ಅಘನಾಶಿನಿ ನದಿಯು ಶಿರಸಿಯ ಬಳಿಯಲ್ಲೇ ಹುಟ್ಟುತ್ತದೆ. ಇಲ್ಲಿನ ನೀರು ಕೆಡುವುದೆಂದರೆ ಕೆಳಗಿನ ಊರುಗಳ ಆರೋಗ್ಯ ಕೆಡುವುದೆಂದೇ ಅರ್ಥ.

ಹೀಗಾಗಿ ಇಲ್ಲಿಗೆ ಹೊಂದುವುದು ಪಟಿಂಗ್, ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸಿ ಕುಳಿಗೆ ಸೇರಿಸುವ ಭಾಗ, ಹಾಗೂ ಮೆದು ಚೆಂಡಿನ ಕಿರು ಆಟ. ಶಾಲೆಯ ಆಟದ ಬಯಲಿನಲ್ಲಿ ಅಥವಾ ಅಡಿಕೆ ಒಣಗಿಸುವ ಕಾಲ ಮುಗಿದ ಮೇಲೆ ಮನೆಯಂಗಳದಲ್ಲಿ ಇವನ್ನು ಆಡಬಹುದು. ಮಳೆಗಾಲದಲ್ಲಿ ಸಭಾಂಗಣದೊಳಗೆ ಚಾಪೆ ಹಾಸಿಯೂ ಪಟಿಂಗ್ ಅಭ್ಯಾಸ ಮಾಡಬಹುದು. ಕೋಲಿನಿಂದ ಸಣ್ಣ ವಸ್ತುವನ್ನು ಗುರಿಯಿಟ್ಟು ಹೊಡೆಯುವ ಕೌಶಲ ಚಿನ್ನಿದಾಂಡು ಆಡಿದವರಿಗೆ ಹೊಸದಲ್ಲ. ಆದರೆ ಕಿರು ಆಟದಲ್ಲಿ ನಡಿಗೆ ಕಡಿಮೆಯಾಗುವುದರಿಂದ, ಅದರ ಜೊತೆಗೆ ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯುವುದು ಅಗತ್ಯ.

ತೋಟದ ದುಡಿಮೆಯಲ್ಲಿರುವವರಿಗೆ ಶ್ರಮಕ್ಕೆ ಕೊರತೆಯಿಲ್ಲ. ಕೊರತೆ ಕಾಣುವುದು ಕುಳಿತು ಕೆಲಸ ಮಾಡುವವರಲ್ಲಿ ಮತ್ತು ದುಡಿಮೆಯಿಂದ ನಿವೃತ್ತರಾದ ಹಿರಿಯರಲ್ಲಿ. ಮಕ್ಕಳು ಉದ್ಯೋಗಕ್ಕಾಗಿ ನಗರ ಸೇರಿ ಹಿರಿಯರಷ್ಟೇ ಉಳಿದಿರುವ ಮನೆಗಳಲ್ಲಿ ಒಬ್ಬರು ಜಾರಿ ಬಿದ್ದು ಮೂಳೆ ಮುರಿದುಕೊಂಡರೆ ಮನೆಯ ನಿರ್ವಹಣೆಯೇ ಕಷ್ಟವಾಗುತ್ತದೆ. 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಮತ್ತು ಸ್ನಾಯುಬಲದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಂತಹ ಬೀಳುವಿಕೆಯನ್ನು ತಡೆಯಲೆಂದೇ.

ಕಾಡಿನಂಚಿನ ನಡಿಗೆಗೆ ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಸಿದ್ದಾಪುರ ತಾಲ್ಲೂಕಿನಲ್ಲಿಯೂ ಜೀವಹಾನಿ ಮಾಡಿದೆ. ಉಣ್ಣೆಗಳ ಕಡಿತದಿಂದ ಹರಡುವ ಈ ರೋಗ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ವರೆಗೆ ಕಾಣಿಸಿಕೊಳ್ಳುತ್ತದೆ. ಈ ತಿಂಗಳುಗಳಲ್ಲಿ ಕಾಡಿನಿಂದ ದೂರವಿರುವ ತೆರೆದ ಬಯಲನ್ನೇ ಆರಿಸಿಕೊಳ್ಳುವುದು, ಮೈತುಂಬ ಬಟ್ಟೆ ಧರಿಸುವುದು, ಕಾಡಿನಂಚಿಗೆ ಹೋಗಲೇಬೇಕಾದರೆ ಆರೋಗ್ಯ ಇಲಾಖೆ ವಿತರಿಸುವ ಡೆಪಾ ಎಣ್ಣೆಯನ್ನು ಹಚ್ಚಿಕೊಳ್ಳುವುದು, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯುವುದು ಸೂಕ್ತ. ಸತ್ತ ಮಂಗ ಕಂಡುಬಂದರೆ ಅದರ ಬಳಿ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.