ಉಡುಪಿ ಪರಿಸರದ ಜೀವಿಗಳು ಮತ್ತು ವರ್ಗೀಕರಣದ ನೆಲೆಗಳು

ಕರಾವಳಿಯ ಜನರು ತಮ್ಮ ಸುತ್ತಲಿನ ಜೀವಿಗಳನ್ನು ಬಳಕೆ, ನೆಲೆ ಮತ್ತು ರುಚಿಗಳ ಆಧಾರದಿಂದ ವಿಂಗಡಿಸಿಕೊಂಡು ಬಂದಿದ್ದಾರೆ. ಪಚ್ಚಿಲೆ, ಮರುವಾಯಿಗಳು ಮೀನಿನ ಜೊತೆಗೆ ಸೇರಿದರೆ, ಮಳೆಗಾಲದ ಆರಂಭದಲ್ಲಿ ಕಾರ್ಕಳದ ಕಡೆ ನೆಲವನ್ನು ಕೆದಕಿ ತೆಗೆಯುವ ಕಲ್ಲಣಬೆ (ತುಳುವಿನ ಕಲ್ಲಲಾಂಬು) ಕಾಯಿಪಲ್ಯಗಳ ಸಾಲಿಗೆ ಸೇರುತ್ತದೆ. ಈ ವಿಂಗಡಣೆಯನ್ನು ತಪ್ಪೆನ್ನುವಂತಿಲ್ಲ. ಅದರ ಉದ್ದೇಶವೇ ಬೇರೆ. ಯಾವ ಜೀವಿ ಯಾವುದರೊಡನೆ ಪೂರ್ವಜರನ್ನು ಹಂಚಿಕೊಂಡಿದೆ ಎಂಬುದು ಇಂದಿನ ಜೀವವಿಜ್ಞಾನದ ಪ್ರಶ್ನೆ.

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ಜೀವಜಗತ್ತನ್ನು ಸಸ್ಯ ಮತ್ತು ಪ್ರಾಣಿ ಎಂಬ ಎರಡು ಸಾಮ್ರಾಜ್ಯಗಳಾಗಿ ವಿಭಾಗಿಸಿದನು. ಈ ವ್ಯವಸ್ಥೆಯಲ್ಲಿ ಅಣಬೆ ಸಸ್ಯವಾಗಿತ್ತು. ಆದರೆ ಅಣಬೆಗೆ ಪತ್ರಹರಿತ್ತಿಲ್ಲ; ಅದರ ಕೋಶಭಿತ್ತಿಯಲ್ಲಿರುವುದು ಮುಖ್ಯವಾಗಿ ಕೈಟಿನ್, ಏಡಿ-ಸಿಗಡಿಗಳ ಚಿಪ್ಪಿನಲ್ಲಿರುವ ವಸ್ತು. 1969ರಲ್ಲಿ ಆರ್.ಎಚ್. ವಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ಪದ್ಧತಿಯಲ್ಲಿ ಮೊನೆರಾ, ಪ್ರೊಟಿಸ್ಟಾ, ಸಸ್ಯ ಮತ್ತು ಪ್ರಾಣಿಗಳ ಜೊತೆಗೆ ಶಿಲೀಂಧ್ರಗಳಿಗೆ ಸ್ವತಂತ್ರ ಸ್ಥಾನ ದೊರೆಯಿತು. ಶಿಲೀಂಧ್ರಗಳು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಬಂಧುಗಳೆಂಬುದನ್ನು ಅನಂತರದ ಆಣ್ವಿಕ ಅಧ್ಯಯನಗಳು ತೋರಿಸಿಕೊಟ್ಟವು. ಕಾರ್ಲ್ ವೋಸ್ ಮತ್ತು ಸಂಗಡಿಗರು 1990ರಲ್ಲಿ ಸಾಮ್ರಾಜ್ಯಗಳಿಗೂ ಮೇಲೆ ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕ್ಯಾರಿಯಾ ಎಂಬ ಮೂರು ಅಧಿವಿಭಾಗಗಳನ್ನು ಸೂಚಿಸಿದರು.

ಕಾರ್ಕಳದ ಕಲ್ಲುಬಂಡೆಗಳ ಮೇಲೆ ಹಬ್ಬುವ ಕಲ್ಲುಹೂವಿನಂಥ ಜೀವಿ ಇನ್ನೂ ತೊಡಕಿನದು. ಅಡುಗೆಯ ಮಸಾಲೆಯಾಗಿ ಪರಿಚಿತವಾಗಿರುವ ಕಲ್ಲುಹೂವು ಕಲ್ಲೂ ಅಲ್ಲ, ಹೂವೂ ಅಲ್ಲ. ಶಿಲೀಂಧ್ರವೊಂದು ಶೈವಲವನ್ನೋ ನೀಲಿಹಸಿರು ಬ್ಯಾಕ್ಟೀರಿಯಾವನ್ನೋ ಒಡಲಲ್ಲಿಟ್ಟುಕೊಂಡು ನಡೆಸುವ ಕೂಡುಬಾಳು ಅದು. ಎರಡು ಬೇರೆ ಸಾಮ್ರಾಜ್ಯಗಳ ಈ ಜೋಡಿಗೆ ಶಾಸ್ತ್ರೀಯ ನಾಮವನ್ನು ಶಿಲೀಂಧ್ರದ ಲೆಕ್ಕದಲ್ಲಿ ಕೊಡುವುದು ನಿಯಮ.

ಕಾಪುವಿನಲ್ಲಿ 1901ರ ದೀಪಸ್ತಂಭವನ್ನು ಹೊತ್ತ ಬಂಡೆಯಂತಹ ಕಡಲಂಚಿನ ಬಂಡೆಗಳಲ್ಲಿ, ಇಳಿತದ ಹೊತ್ತಿಗೆ, ಇಂಥ ತೊಡಕುಗಳು ಒಟ್ಟಾಗಿ ಕಾಣಸಿಗುತ್ತವೆ. ಪಾಚಿ ಎಂಬ ಒಂದೇ ಮಾತಿನಲ್ಲಿ ನಾವು ಅಡಕಗೊಳಿಸುವ ಕಡಲಕಳೆಗಳಲ್ಲಿ ಹಸಿರು ಬಗೆಯವು ನೆಲದ ಸಸ್ಯಗಳ ಹತ್ತಿರದ ಬಂಧುಗಳು. ಕಂದು ಬಗೆಯವು ಆ ವಂಶಾವಳಿಗೇ ಸೇರದೆ ಡಯಾಟಮ್‌ಗಳ ನೆಂಟಸ್ತಿಕೆಯವು. ಬಂಡೆಗೆ ಅಂಟಿದ ಬಾರ್ನಕಲ್‌ಗಳನ್ನು ಚಿಪ್ಪು ನೋಡಿ ಪಚ್ಚಿಲೆಯಂಥ ಮೃದ್ವಂಗಿಗಳೆಂದೇ ಬಹುಕಾಲ ಎಣಿಸಲಾಗಿತ್ತು. ಅವುಗಳ ಈಜುವ ಮರಿಗಳನ್ನು ಗಮನಿಸಿದ ಜೆ. ವಾನ್ ಥಾಮ್ಸನ್ 1830ರಲ್ಲಿ, ಅವು ಏಡಿ-ಸಿಗಡಿಗಳ ಬಳಗದವೆಂದು ತೋರಿಸಿದನು. ಹೊರರೂಪವನ್ನೇ ನಂಬಿದ ವರ್ಗೀಕರಣದ ಮಿತಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಮೇಲಿನ ವಿಭಾಗಗಳಷ್ಟೇ ಕೆಳಗಿನ ಮೆಟ್ಟಿಲುಗಳೂ ಮುಖ್ಯ. ಉಡುಪಿಯ ಸಸ್ಯಗಳ ಮಟ್ಟಿಗೆ ಕೆ. ಗೋಪಾಲಕೃಷ್ಣ ಭಟ್ಟರ 'ಫ್ಲೋರಾ ಆಫ್ ಉಡುಪಿ' (2003) ಈ ಕೆಲಸಕ್ಕೆ ಭದ್ರ ತಳಹದಿ ಹಾಕಿದೆ. ಪ್ರಾಣಿಗಳ ಮಟ್ಟಿಗೆ ಮಣಿಪಾಲದ ಒಂದು ಪುಟ್ಟ ಕಪ್ಪೆಯ ಪ್ರಕರಣ ಹೆಚ್ಚು ಬೋಧಪ್ರದವಾಗಿದೆ. ಮುರಕಲ್ಲಿನ ಬಯಲಿನಲ್ಲಿ ಮಳೆಗಾಲದಲ್ಲಿ ಕೇಳಿಬರುವ ಅದರ ಕೂಗನ್ನು ಜೀರುಂಡೆಯ ಸದ್ದೆಂದು ಭಾವಿಸುವುದು ಸುಲಭ. ಸುಮಾರು 1.6 ಸೆಂಟಿಮೀಟರ್ ಉದ್ದದ, ತಿಳಿಕಂದು ಮೈಮೇಲೆ ಕಪ್ಪು ಗುರುತುಗಳುಳ್ಳ ಈ ಕಪ್ಪೆಯನ್ನು ಕೆ.ಎಸ್. ಶೇಷಾದ್ರಿ, ರಮಿತ್ ಸಿಂಗಲ್, ಕೆ.ವಿ. ಗುರುರಾಜ ಮತ್ತು ಸಂಗಡಿಗರು 2016ರಲ್ಲಿ 'ಮೈಕ್ರೊಹೈಲಾ ಲ್ಯಾಟರೈಟ್' ಎಂಬ ಹೊಸ ಪ್ರಭೇದವಾಗಿ ವಿವರಿಸಿದರು. ಪ್ರಾಣಿ ಸಾಮ್ರಾಜ್ಯ, ಕಶೇರುಕಗಳೂ ಸೇರುವ ಕಾರ್ಡೇಟ ವಂಶ, ಉಭಯವಾಸಿ ವರ್ಗ, ಬಾಲವಿಲ್ಲದ ಕಪ್ಪೆಗಳ ಗಣ, ಕಿರುಬಾಯಿಯ ಕಪ್ಪೆಗಳ ಕುಟುಂಬ, ಮೈಕ್ರೊಹೈಲಾ ಕುಲ – ಇಷ್ಟರವರೆಗಿನ ಸ್ಥಾನನಿರ್ದೇಶ ಕಷ್ಟವಲ್ಲ. (ವಂಶ, ಕುಲ, ಜಾತಿ ಮುಂತಾದ ಪದಗಳ ಬಳಕೆ ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಇಂದಿಗೂ ಏಕರೂಪವಾಗಿಲ್ಲ; ಈ ಗೊಂದಲ ನಿವಾರಣೆಯಾಗಬೇಕಾದದ್ದು ಅಗತ್ಯ.) ಕಡೆಯ ಮೆಟ್ಟಿಲೇ ಕಠಿಣ. ಅದೇ ಕುಲದ ಸಮೀಪದ ಪ್ರಭೇದಗಳಿಂದ ಇದು ಬೇರೆಯೆಂದು ಸ್ಥಾಪಿಸಲು ಅಂಗರಚನೆಯ ಅಳತೆ, ಕೂಗಿನ ಧ್ವನಿವಿಶ್ಲೇಷಣೆ, ಡಿಎನ್‌ಎ ಹೋಲಿಕೆ ಈ ಮೂರೂ ಬೇಕಾದವು. ಒಂದೊಂದೇ ಆಧಾರವನ್ನು ನೆಚ್ಚಿದ್ದರೆ ವಾದಕ್ಕೆ ಎಡೆಯಿರುತ್ತಿತ್ತು.

ಪ್ರಭೇದದ ಹೆಸರು ಮುರಕಲ್ಲಿನ ಇಂಗ್ಲಿಷ್ ಹೆಸರೇ ಆಗಿರುವುದು ಆಕಸ್ಮಿಕವಲ್ಲ. ನೆಲೆಯ ಕಡೆಗೆ ಗಮನ ಸೆಳೆಯಬೇಕೆಂಬುದು ಲೇಖಕರ ಆಶಯವಾಗಿತ್ತು. ಏಕೆಂದರೆ ಈ ಮುರಕಲ್ಲಿನ ಪದವುಗಳಿಗೆ ಇನ್ನೊಂದು ವರ್ಗೀಕರಣವೂ ಇದೆ: ಸರ್ಕಾರದ ಭೂಬಳಕೆಯ ಪಟ್ಟಿಯಲ್ಲಿ ಇಂಥ ನೆಲ 'ಬಂಜರು'. ಮರವಿಲ್ಲದ, ಬೇಸಿಗೆಯಲ್ಲಿ ಕಾದು ಕಪ್ಪಾಗುವ ಈ ಬಯಲು ನೋಟಕ್ಕೆ ಬರಿದೆನಿಸುವುದು ಸಹಜ. ಆದರೆ ಮಳೆ ಬಿದ್ದೊಡನೆ ಅದರ ತಗ್ಗುಗಳಲ್ಲಿ ನೀರು ನಿಂತು, ಹುಲ್ಲುಗಳೂ ಕೀಟಾಹಾರಿ ಸಸ್ಯಗಳೂ ತಲೆಯೆತ್ತುತ್ತವೆ. ಕಪ್ಪೆ ಮೊಟ್ಟೆಯಿಡುವುದೂ ಅಂಥ ತಾತ್ಕಾಲಿಕ ನೀರಿನಲ್ಲಿಯೇ. ಕಲ್ಲುಕೋರೆಗೆ, ಕಟ್ಟಡಕ್ಕೆ, ಕಸ ಸುರಿಯುವುದಕ್ಕೆ 'ಬಂಜರು' ನೆಲವನ್ನು ಬಿಟ್ಟುಕೊಡುವುದು ಸುಲಭವಾಗುತ್ತದೆ. ಮುರಕಲ್ಲಿನ ಮೇಲ್ಪದರವನ್ನು ಕೊಯ್ದು ತೆಗೆದ ಮೇಲೆ ಆ ತಗ್ಗುಗಳು ಮತ್ತೆ ರೂಪುಗೊಳ್ಳುವುದಿಲ್ಲ.