ಬೂದು ಮುಚ್ಚಳದ ಟ್ಯೂಬು

"ಕಾಕಾ, ರಕ್ತದಾಗ ಗಾಂಜಾ ಹೆಂಗ ಗೊತ್ತಾಗತೈತಿ?" ಚಿಮ್ಮಡದ ನಮ್ಮ ಓಣಿಯ ಹುಡುಗರು ಕೇಳುತ್ತಾರೆ. ಲ್ಯಾಬ್ ಟೆಕ್ನೀಷಿಯನ್ನನಾಗಿ ರಕ್ತ ತೆಗೆದೇ ಬದುಕಿದವನು ನಾನು. ಸರಿಯಾದ ಉತ್ತರ ಕೊಡಲೇಬೇಕು.

2024ರ ಮೇ ತಿಂಗಳಲ್ಲಿ ಬೆಂಗಳೂರಿನ ಹೆಬ್ಬಗೋಡಿ ಬಳಿ ಪಾರ್ಟಿಯೊಂದರ ಮೇಲೆ ದಾಳಿಯಾದಾಗ, 86 ಮಂದಿಯ ರಕ್ತದಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಪೊಲೀಸರು ಹೇಳಿದರು. ಇಂಥ ಪರೀಕ್ಷೆಗೆ ದೊಡ್ಡ ವೈರಿ ಸಮಯ. ಕೊಕೇನ್ ರಕ್ತದಲ್ಲಿ ಕೆಲವೇ ಗಂಟೆ ನಿಲ್ಲುತ್ತದೆ. ರಕ್ತ ತೆಗೆದ ಮೇಲೂ ಅದರೊಳಗಿನ ಕಿಣ್ವಗಳು ಕೊಕೇನನ್ನು ಒಡೆಯುತ್ತಲೇ ಇರುತ್ತವೆ. ಅದಕ್ಕೇ ಬೂದು ಮುಚ್ಚಳದ ಟ್ಯೂಬು ಬೇಕು: ಅದರಲ್ಲಿನ ಸೋಡಿಯಂ ಫ್ಲೋರೈಡ್ ಕಿಣ್ವವನ್ನು ತಡೆಯುತ್ತದೆ, ಪೊಟ್ಯಾಸಿಯಂ ಆಕ್ಸಲೇಟ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಊರಲ್ಲಿ ಸಕ್ಕರೆ ಕಾಯಿಲೆ ನೋಡುವುದೂ ಇದೇ ಟ್ಯೂಬಿನಲ್ಲಿ.

ಟ್ಯೂಬಿಗೆ ಹೆಸರು, ವೇಳೆ, ಸಹಿ, ಅರಗಿನ ಮುದ್ರೆ. ಆಮೇಲೆ ತಂಪು ಪೆಟ್ಟಿಗೆಯಲ್ಲಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಮುದ್ರೆ ಒಡೆದಿದ್ದರೆ ಕೋರ್ಟಿನಲ್ಲಿ ಆ ವರದಿಯ ಬಲವೇ ಕುಗ್ಗುತ್ತದೆ.

ಪ್ರಯೋಗಾಲಯದಲ್ಲಿ ಮೊದಲು ಪ್ರತಿಕಾಯಗಳನ್ನು ಬಳಸಿದ ಪರೀಕ್ಷೆ. ಅದು ಬೇಗ ಮುಗಿಯುತ್ತದೆ, ಆದರೆ ತಪ್ಪಬಹುದು. ಕೆಲವು ನೆಗಡಿ ಮಾತ್ರೆಗಳೂ ಆಂಫೆಟಮೈನ್‌ನಂತೆ ತೋರುತ್ತವೆ. ಇಷ್ಟಕ್ಕೇ ಯಾರನ್ನೂ ವ್ಯಸನಿ ಎನ್ನುವುದು ಅನ್ಯಾಯ. ಖಚಿತ ಮಾಡುವುದು ಮಾಸ್ ಸ್ಪೆಕ್ಟ್ರೋಮೆಟ್ರಿ. ಕ್ರೊಮಟೋಗ್ರಫಿಯಲ್ಲಿ ಬೇರೆಯಾದ ಅಣುಗಳನ್ನು ಯಂತ್ರ ಒಡೆದು, ಚೂರುಗಳ ತೂಕ ನೋಡಿ ವಸ್ತುವನ್ನು ಗುರುತಿಸುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನಷ್ಟಿದ್ದರೂ ಅದು ಹಿಡಿಯಬಲ್ಲದು.

ಗಾಂಜಾದ ಅವಶೇಷ ಮಾತ್ರ ಅಮಲು ಇಳಿದ ಮೇಲೂ ದಿನಗಟ್ಟಲೆ ಉಳಿಯುತ್ತದೆ. ಸೇದಿದ್ದನೆಂದು ಅದು ಹೇಳೀತು; ಗಾಡಿ ಓಡಿಸುವಾಗ ಅಮಲಿನಲ್ಲಿದ್ದನೇ ಎಂಬುದನ್ನು ಅದೊಂದರಿಂದಲೇ ಹೇಳಲಾಗದು. ತಿಂಗಳುಗಳ ಹಿಂದಿನ ಸೇವನೆ ತಿಳಿಯಲು ರಕ್ತ ಸಾಲದು, ಕೂದಲು ಬೇಕು.