ಮುಂಗುಸಿಯ ಮದ್ದು ಬೇರಿನಲ್ಲಿಲ್ಲ

ನಾಗರಹಾವಿನೊಡನೆ ಕಾದಾಡಿದ ಮುಂಗುಸಿ ಪೊದೆಗೆ ಓಡಿ ತಿನ್ನುವ ಬೇರು ಯಾವುದೆಂದು ಓದುಗರೊಬ್ಬರು ಕೇಳಿದ್ದಾರೆ. ಅಂಥ ಬೇರೇ ಇಲ್ಲ. ಈ ಕಥೆ ಹೇಳಿ ಸಂತೆಯಲ್ಲಿ ಬೇರು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾವು ಕಚ್ಚಿದವರು ಬೇರು ಅರೆಯುತ್ತ ಕುಳಿತಷ್ಟು ಹೊತ್ತೂ ಆಸ್ಪತ್ರೆಯ ಪ್ರತಿವಿಷ ದೂರವೇ ಉಳಿಯುತ್ತದೆ.

ಮುಂಗುಸಿಯ ರಕ್ಷಣೆ ಅದರ ಸ್ನಾಯುಗಳಲ್ಲೇ ಇದೆ. ನರದ ತುದಿಯಿಂದ ಹೊರಟ ಅಸಿಟೈಲ್‌ಕೋಲೀನ್ ಸ್ನಾಯುವಿನ ಮೇಲಿರುವ ಗ್ರಾಹಕ ಪ್ರೋಟೀನನ್ನು ಸೇರಿದಾಗ ಸ್ನಾಯು ಸಂಕುಚಿಸುತ್ತದೆ. ನಾಗರನ ನರವಿಷ ಆ ಜಾಗವನ್ನೇ ಹಿಡಿದು ಕೂರುತ್ತದೆ. ರೆಪ್ಪೆ ಜೋಲುತ್ತದೆ, ಕೊನೆಗೆ ಉಸಿರೂ ನಿಲ್ಲುತ್ತದೆ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಾರಾ ಫುಕ್ಸ್ ಮತ್ತು ಸಂಗಡಿಗರು 1992ರಲ್ಲಿ ಮುಂಗುಸಿಯ ಈ ಗ್ರಾಹಕದ ಅಮೈನೋ ಆಮ್ಲಗಳ ಸಾಲನ್ನು ಪ್ರಕಟಿಸಿದರು. ವಿಷ ಅಂಟುವ ಭಾಗದಲ್ಲೇ ಕೆಲವು ಅಮೈನೋ ಆಮ್ಲಗಳು ಬದಲಾಗಿದ್ದವು. ಬೇರೆ ಹಲವು ಪ್ರಾಣಿಗಳಲ್ಲಿ 194 ಮತ್ತು 197ನೇ ಸ್ಥಾನಗಳಲ್ಲಿ ಪ್ರೋಲೀನ್ ಇದ್ದರೆ, ಇಲ್ಲಿ ಲ್ಯೂಸಿನ್ ಮತ್ತು ಹಿಸ್ಟಿಡಿನ್. 187ರಲ್ಲಿ ಆಸ್ಪರಜಿನ್. ಈ ಆಸ್ಪರಜಿನ್‌ಗೆ ಜೀವಕೋಶ ಸಕ್ಕರೆಯ ಸರಪಳಿಯೊಂದನ್ನು ಜೋಡಿಸುತ್ತದೆ. ಹೊಲದಂಚಿನ ಮುಳ್ಳುಬೇಲಿಯಂತೆ ಅದು ವಿಷವನ್ನು ತಡೆಯುತ್ತದೆ. ನನಗೆ ಅತಿ ಸೋಜಿಗವೆನಿಸುವುದು ಮುಂದಿನ ಸಂಗತಿ: ಅಸಿಟೈಲ್‌ಕೋಲೀನಿಗೆ ಮಾತ್ರ ಯಾವ ಅಡ್ಡಿಯೂ ಇಲ್ಲ! ಅರವತ್ತಕ್ಕೂ ಹೆಚ್ಚು ಅಮೈನೋ ಆಮ್ಲಗಳ ವಿಷದ ಪ್ರೋಟೀನಿನ ಮುಂದೆ ಅದು ತೀರಾ ಪುಟ್ಟ ಅಣು, ನುಸುಳಿ ಒಳಗೆ ಹೋಗುತ್ತದೆ. ಗ್ರಾಹಕ ಇಡಿಯಾಗಿ ಮಾರ್ಪಟ್ಟಿದ್ದರೆ ವಿಷದ ಜೊತೆ ನರದ ಸಂದೇಶವೂ ಹೊರಗುಳಿದು ಮುಂಗುಸಿ ಹುಟ್ಟುತ್ತಲೇ ಸಾಯುತ್ತಿತ್ತು.

ನಾಗರಹಾವು ತನ್ನ ವಿಷಕ್ಕೆ ತಾನೇ ಬಲಿಯಾಗದಿರುವುದಕ್ಕೂ ಇಂಥದೇ ಕಾರಣವಿದೆ. ಅದರ ಸಕ್ಕರೆ ಸರಪಳಿ ಇರುವುದು 189ನೇ ಸ್ಥಾನದಲ್ಲಿ. ಹಂದಿ, ಯುರೋಪಿನ ಹೆಡ್ಜ್‌ಹಾಗ್, ನಮ್ಮ ಕಾವೇರಿ ವನ್ಯಧಾಮದಲ್ಲೂ ಕಾಣಸಿಕ್ಕಿರುವ ತರಕರಡಿ, ಈ ಮೂರರಲ್ಲಿ ಸಕ್ಕರೆಯೇ ಇಲ್ಲ. 187ರಲ್ಲಿ ಧನ ವಿದ್ಯುದಂಶದ ಆರ್ಜಿನಿನ್ ಬಂದು ಕೂತಿದೆ. ನರವಿಷದ್ದೂ ಧನ ವಿದ್ಯುದಂಶವೇ ಆದ್ದರಿಂದ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ದೂರದ ಸಂಬಂಧಿಗಳಾದ ಈ ಪ್ರಾಣಿಗಳಲ್ಲಿ ಇದು ಬೇರೆಬೇರೆಯಾಗಿಯೇ ವಿಕಾಸಗೊಂಡಿದೆ.

ಹಾಗೆಂದು ಮುಂಗುಸಿಗೆ ಸಾವೇ ಇಲ್ಲವೆಂದಲ್ಲ. ನಾಗರನ ವಿಷದಲ್ಲಿ ಜೀವಕೋಶಗಳನ್ನು ಕೊಲ್ಲುವ ಬೇರೆ ಪ್ರೋಟೀನುಗಳೂ ಇವೆ. ಆದ್ದರಿಂದಲೇ ಮುಂಗುಸಿ ಚುರುಕಾಗಿ ಜಿಗಿದು ಕಡಿತ ತಪ್ಪಿಸಿಕೊಳ್ಳಲು ನೋಡುತ್ತದೆ. ಕೊಳಕುಮಂಡಲದ ವಿಷ ಮುಖ್ಯವಾಗಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ; ಅಲ್ಲಿ ಈ ಗ್ರಾಹಕದ ಬದಲಾವಣೆಗೆ ಕೆಲಸವಿಲ್ಲ.